ಫಾಹಿಮಾಳ ಕೊನೆಯ ತಾರೀಖು

ಇಪ್ಪತ್ತೆರಡು ವರ್ಷಗಳ ಹಿಂದೆ ನಾರಾಯಣಮೂರ್ತಿ ಒಂದು ತಾಳೆಯೋಲೆಯ ಮೇಲೆ ಇಲ್ಲದ ನಾಲ್ಕು ಸಾಲುಗಳನ್ನು ಇವೆ ಎಂದು ಓದಿದ್ದ. ಅವನ ಲೆಕ್ಕದಲ್ಲಿ ತಪ್ಪೆಂದರೆ ಅಷ್ಟೇ. ಹುಳ ತಿಂದು, ಹೊಗೆ ಹಿಡಿದು ಕಪ್ಪಾಗಿದ್ದ ಹದಿನೇಳನೆಯ ಓಲೆಯಲ್ಲಿ ‘ಬ್ಬೆ’ ಎನ್ನುವಂಥ ಒಂದಕ್ಷರ ಮಾತ್ರ ಕಣ್ಣಿಗೆ ಬಿದ್ದಿತ್ತು. ಉಳಿದದ್ದನ್ನು ಊಹಿಸಿದ. ಊಹಿಸಿದ್ದನ್ನು ಬರೆದ. ಬರೆದದ್ದು ಅಚ್ಚಾಯಿತು. ಹಾಗೆ ಮಲ್ಲಬ್ಬೆ ಎಂಬ ಕವಯಿತ್ರಿ ಹುಟ್ಟಿದಳು.

ಮಲ್ಲಬ್ಬೆ ಅವನಿಗೆ ಡಾಕ್ಟರೇಟು ಕೊಟ್ಟಳು. ಕಾಲೇಜಿನಲ್ಲಿ ಕುರ್ಚಿ ಕೊಟ್ಟಳು. ಪದವಿ ತರಗತಿಯ ಪಠ್ಯದಲ್ಲಿ ಒಂದು ಪಾಠವಾದಳು. ಮೂಡುಬಿದಿರೆಯ ಒಂದು ಹುಡುಗಿಯರ ಹಾಸ್ಟೆಲಿನ ಗೇಟಿನ ಮೇಲೆ ಹೆಸರಾದಳು. ಬಂಟ್ವಾಳದಲ್ಲಿ ಲೆಕ್ಚರರ್ ಆಗಿರುವ ಮಗಳು ಶ್ರೀಲಕ್ಷ್ಮಿ ಪ್ರತಿ ವರ್ಷ ಆ ಪಾಠ ಮಾಡಿದ ದಿನ ಫೋನು ಮಾಡುತ್ತಿದ್ದಳು. “ಅಪ್ಪ, ಇವತ್ತು ಮಲ್ಲಬ್ಬೆ ಮುಗಿಯಿತು. ಹಿಂದಿನ ಬೆಂಚಿನ ಒಬ್ಬಳು ಅತ್ತೇಬಿಟ್ಟಳು” ಎನ್ನುತ್ತಿದ್ದಳು. ಅವಳ ದನಿಯಲ್ಲಿದ್ದ ಹೆಮ್ಮೆಯನ್ನು ಕೇಳಿ ನಾರಾಯಣಮೂರ್ತಿಗೆ ಊಟ ಸೇರುತ್ತಿರಲಿಲ್ಲ. ಊರೆಲ್ಲ ತಿಳಿದರೂ ಸಹಿಸಬಹುದಿತ್ತೇನೋ. ಅವಳಿಗೆ ತಿಳಿಯುವುದನ್ನು ಸಹಿಸುವ ಶಕ್ತಿ ಅವನಲ್ಲಿರಲಿಲ್ಲ.

ಆ ಓಲೆ ಇದ್ದದ್ದು ದೇವಿಪ್ರಸಾದರ ಮನೆಯ ಮಹಡಿಯಲ್ಲಿ. ಅವರ ಅಜ್ಜ ಸಂಗ್ರಹಿಸಿದ್ದ ಇನ್ನೂರ ಹನ್ನೆರಡು ಓಲೆ ಕಟ್ಟುಗಳಿಗೆ ಒಂದು ಟ್ರಸ್ಟು, ಬೀರುಗಳು, ಒಂದು ಉದ್ದನೆಯ ಮೇಜು. ಕಾಲೇಜಿನಿಂದ ನಿವೃತ್ತನಾದ ಮೇಲೆ ನಾರಾಯಣಮೂರ್ತಿಯೇ ಅದರ ಮೇಲ್ವಿಚಾರಕ. ಆ ಓಲೆಯಿದ್ದ ನಲವತ್ತೊಂದನೇ ಕಟ್ಟು ತನ್ನ ಕಣ್ಣೆದುರೇ ಇರಬೇಕೆಂದು ಅವನು ಆ ಕೆಲಸವನ್ನು ಕೇಳಿ ಪಡೆದಿದ್ದ. ಹಳೆಗನ್ನಡದ ಓಲೆ ಓದಬಲ್ಲವರು ಊರಲ್ಲಿ ಬೇರೆ ಯಾರೂ ಇರಲಿಲ್ಲ. ಬೀರುವಿನಲ್ಲಿ ಇರುವವರೆಗೆ ಮಲ್ಲಬ್ಬೆ ಕ್ಷೇಮವಾಗಿದ್ದಳು.

ಆಗಸ್ಟಿನಲ್ಲಿ ದೇವಿಪ್ರಸಾದರು ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕುಳಿತು, ಎಲ್ಲ ಕಟ್ಟುಗಳ ಫೋಟೋ ತೆಗೆಸಿ ಇಂಟರ್ನೆಟ್ಟಿಗೆ ಹಾಕುವುದೆಂದು ತೀರ್ಮಾನವಾಗಿದೆ ಎಂದರು. ಡಿಸೆಂಬರ್ ಒಂದಕ್ಕೆ ಫೋಟೋದವರು ಬರುತ್ತಾರೆ. ಮೊದಲು ನಲವತ್ತೊಂದನೇ ಕಟ್ಟು.

“ಮೂರ್ತಿಗಳೇ, ಇನ್ನು ನಿಮ್ಮ ಮಲ್ಲಬ್ಬೆಯನ್ನು ಜರ್ಮನಿಯಲ್ಲಿ ಕೂತು ಓದ್ಬಹುದು ಮಾರಾಯ್ರೆ” ಎಂದು ನಕ್ಕರು. “ಇಷ್ಟು ವರ್ಷ ನೀವೊಬ್ಬರೇ ಇಟ್ಕೊಂಡದ್ದು ಸಾಕು.”

ನಾರಾಯಣಮೂರ್ತಿಯೂ ನಕ್ಕ.

ಓಲೆಗಳನ್ನು ಶುಚಿ ಮಾಡುತ್ತಿದ್ದವಳು ಫಾಹಿಮಾ. ಅಫ್ಘಾನಿಸ್ತಾನದ ಹೆರಾತಿನವಳು. ರಸಾಯನಶಾಸ್ತ್ರ ಓದಲು ಮೂಡುಬಿದಿರೆಗೆ ಬಂದಿದ್ದಳು. ಓದು ಮುಗಿಯುವಷ್ಟರಲ್ಲಿ ಅವಳ ದೇಶದಲ್ಲಿ ಹೆಣ್ಣುಮಕ್ಕಳು ಶಾಲೆಯ ಬಾಗಿಲು ದಾಟದ ಹಾಗಾಗಿತ್ತು. ಹಿಂದೆ ಹೋಗುವಂತಿಲ್ಲ. ಇಲ್ಲಿ ಆಶ್ರಯ ಸಿಕ್ಕಿತು, ಆಶ್ರಯದ ಜೊತೆ ಕೆಲಸ ಮಾಡಲು ಅನುಮತಿಯ ಕಾರ್ಡೂ ಸಿಕ್ಕಿತು. ಎರಡು ವರ್ಷದ ಹಿಂದೆ ದೇವಿಪ್ರಸಾದರು ಅವಳನ್ನು ಕರೆತಂದಾಗ ಓಲೆ ಹಿಡಿಯುವುದನ್ನು ಕಲಿಸಿದ್ದು ನಾರಾಯಣಮೂರ್ತಿ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯುವುದು, ನಿಂಬೆಹುಲ್ಲಿನ ಎಣ್ಣೆಯನ್ನು ಹತ್ತಿಯಲ್ಲಿ ಸವರುವುದು, ದೀಪದ ಮಸಿ ಉಜ್ಜಿ ಒರೆಸುವುದು. ಮಸಿ ಗೀರಿನೊಳಗೆ ಮಾತ್ರ ಉಳಿದು ಅಕ್ಷರ ಎದ್ದು ಬರುತ್ತದೆ. ತನ್ನ ಎಲ್ಲ ಶಿಷ್ಯರಿಗೆ ಹೇಳುತ್ತಿದ್ದ ಮಾತನ್ನು ಅವಳಿಗೂ ಮೊದಲ ದಿನವೇ ಹೇಳಿದ್ದ: ಓಲೆಯನ್ನು ಮಗುಚಿ ನೋಡದೆ ಓದಿದೆ ಎನ್ನಬಾರದು.

ಹಳೆಯ ಲಿಪಿ ಅವಳಿಗೆ ಓದಲು ಬಾರದು. ಆದರೆ ರಿಜಿಸ್ಟರಿನಲ್ಲಿ ಕನ್ನಡದಲ್ಲೇ ಸಹಿ ಹಾಕಬೇಕೆಂದು ಹಟ ಹಿಡಿದು ಒಂದಕ್ಷರ ಕಲಿತಿದ್ದಳು. ‘ಫಾ’. ಕಾಗದದ ಮೇಲೆ ಅವಳ ಕೈ ಹಿಡಿದು ಅದನ್ನು ತಿದ್ದಿಸಿದ್ದೂ ಅವನೇ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವಳು ಹದಿನೇಳನೆಯ ಓಲೆಗೆ ಮಸಿ ಉಜ್ಜಿ ಒರೆಸಿದಳು. ಆರು ನೂರು ವರ್ಷದ ಅಕ್ಷರಗಳು ನಿನ್ನೆ ಬರೆದಂತೆ ಎದ್ದುವು. ಅವನು ‘ಬ್ಬೆ’ ಎಂದುಕೊಂಡಿದ್ದು ‘ಣ್ಣೆ’ ಆಗಿತ್ತು. ಕವಯಿತ್ರಿ ಇರಲಿಲ್ಲ. ಓಲೆ ಬರೆದ ಯಾವನೋ ಒಬ್ಬ ಬಡಪಾಯಿ ಅಂಚಿನಲ್ಲಿ ತನ್ನ ಕಷ್ಟ ಹೇಳಿಕೊಂಡಿದ್ದ: ‘ಎಣ್ಣೆ ತೀರ್ದುದು. ಉಳಿದುದಂ ನಾಳೆ ಬರೆವೆಂ.’

“ಏನು ಬರೆದುಂಟು ಸರ್?” ಎಂದು ಫಾಹಿಮಾ ಕೇಳಿದಳು.

“ಕವಯಿತ್ರಿಯ ಹೆಸರು” ಎಂದ ನಾರಾಯಣಮೂರ್ತಿ.

ಅವಳು ಕೈಗವಸು ತೆಗೆದು, ಓಲೆಯನ್ನು ಮುಟ್ಟದೆ, ಅದರ ಮೇಲೆ ಅಂಗೈ ಹಿಡಿದಳು, ಬಿಸಿ ನೋಡುವವಳ ಹಾಗೆ.

ಅಂದಿನಿಂದ ಅವನು ಯೋಚಿಸತೊಡಗಿದ. ಕಟ್ಟು ಫೋಟೋಕ್ಕೆ ಮೊದಲು ಇಲ್ಲವಾಗಬೇಕು. ಸುಮ್ಮನೆ ಇಲ್ಲವಾದರೆ ಪ್ರಶ್ನೆ ಮೇಲ್ವಿಚಾರಕನಿಗೆ ಬರುತ್ತದೆ. ಆದ್ದರಿಂದ ಅದನ್ನು ಯಾರೋ ಕದ್ದಿರಬೇಕು. ಬಂಟ್ವಾಳ ಬೆಳ್ತಂಗಡಿ ಕಡೆಯ ಯಾರ ಹೆಸರು ಹೇಳಿದರೂ ಅವರಿಗೊಂದು ಮನೆ, ಮಾವ, ಭಾವ, ಪರಿಚಯದ ವಕೀಲ ಇರುತ್ತಾರೆ. ಯಾರೂ ಇಲ್ಲದವಳು ಒಬ್ಬಳೇ. ಹೊರದೇಶದವಳು, ಹೊರದೇಶದಲ್ಲಿ ಇಂಥದ್ದಕ್ಕೆ ಗಿರಾಕಿಗಳು ಉಂಟು, ಅವಳು ಕಟ್ಟನ್ನು ಯಾರಿಗೋ ದಾಟಿಸಿ ಹೋದಳು. ಇದನ್ನು ಅವನು ಹೇಳಬೇಕಾಗಿಯೂ ಇಲ್ಲ. ಜನ ತಾವಾಗಿಯೇ ಹೇಳುತ್ತಾರೆ. ಅವನು ‘ಛೆ, ಅವಳು ಅಂಥವಳಲ್ಲ’ ಎಂದರೆ ಸಾಕು.

ಅವಳ ಮೇಲೆ ಅವನಿಗೆ ದ್ವೇಷವಿರಲಿಲ್ಲ. ಅದೇ ಅವನಿಗೊಂದು ಸಮಾಧಾನವಾಗಿತ್ತು. ಅವಳಿಗೆ ಏನಾಗುತ್ತದೆ ಎಂಬುದನ್ನೂ ಯೋಚಿಸದೆ ಬಿಡಲಿಲ್ಲ. ಕಳ್ಳಿ ಎಂಬ ಹೆಸರು ಬಂದವಳಿಗೆ ಆಶ್ರಯ ಉಳಿಯುವುದಿಲ್ಲ. ಎಲ್ಲಿಗೋ ಹೋಗುತ್ತಾಳೆ. ಹುಟ್ಟಿದ ಮನೆ ಬಿಟ್ಟು ಬಂದವಳು. ಬಿಟ್ಟು ಹೋಗುವುದು ಅವಳಿಗೆ ಅಭ್ಯಾಸವಾಗಿದೆ ಎಂದುಕೊಂಡ. ಹಾಗೆಂದುಕೊಂಡ ಮೇಲೆ ಸ್ವಲ್ಪ ಹೊತ್ತು ಕಿಟಕಿಯಿಂದ ಹೊರಗೆ ನೋಡಿದ. ಕೆಳಗೆ ಬೀದಿಯಲ್ಲಿ ಕಾಲೇಜು ಬಸ್ಸಿನಿಂದ ಇಳಿದ ಹುಡುಗಿಯರು ಗುಂಪಾಗಿ ಹೋಗುತ್ತಿದ್ದರು.

ತಾರೀಖನ್ನು ಅವನಿಗೆ ಕೊಟ್ಟದ್ದು ಆಫೀಸಿನ ಫೈಲು. ಅವಳು ಕೆಲಸಕ್ಕೆ ಸೇರಿದ ದಿನ ಅವನೇ ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಅವಳ ಕಾರ್ಡಿನ ನಕಲು ಮಾಡಿಸಿ ಫೈಲಿಗೆ ಹಾಕಿದ್ದ. ಒಂದು ಹಾಳೆ. ಫೋಟೋ, ಹೆಸರು, ಕೆಲಸ ಮಾಡಲು ಅನುಮತಿಯಿದೆ ಎಂಬ ಸಾಲು, ಕೆಳಗೆ ದಪ್ಪಕ್ಷರದಲ್ಲಿ ಅವಧಿ: 28 ನವೆಂಬರ್ 2025. ಶುಕ್ರವಾರ. ಫೋಟೋದವರು ಬರುವ ಸೋಮವಾರಕ್ಕೆ ಮೂರು ದಿನ ಮೊದಲು. ಲೋಕವೇ ತನಗೆ ಅನುಕೂಲ ಮಾಡಿಕೊಟ್ಟಂತೆ ಅವನಿಗೆ ತೋರಿತು. ಶುಕ್ರವಾರ ಕೆಲಸದ ಹಕ್ಕು ಮುಗಿಯುತ್ತದೆ. ಮುಗಿದ ಮೇಲೆ ಅವಳು ಇಲ್ಲಿ ಕೂರುವಂತಿಲ್ಲ. ದಿಲ್ಲಿಯಲ್ಲಿ ಯಾರೋ ದೊಡ್ಡಮ್ಮನ ಮಗಳಿದ್ದಾಳೆಂದು ಒಮ್ಮೆ ಹೇಳಿದ್ದಳು. ಅಲ್ಲಿಗೆ ಹೊರಡುತ್ತಾಳೆ. ಹೊರಡುವ ಹೊತ್ತಿಗೆ ಕಟ್ಟೂ ಹೋಗಿರುತ್ತದೆ.

ಕಾರ್ಡು ನವೀಕರಣವಾಗಬಾರದು, ಅಷ್ಟೇ. ಅದಕ್ಕೆ ದಾರಿಯನ್ನೂ ಅವಳೇ ಅವನ ಕೈಗೆ ತಂದು ಕೊಟ್ಟಳು. ಸೆಪ್ಟೆಂಬರ್ ಕೊನೆಯಲ್ಲಿ, ಇಲ್ಲಿ ಕೆಲಸದಲ್ಲಿದ್ದೇನೆ ಎಂದು ಟ್ರಸ್ಟಿನಿಂದ ಒಂದು ಪತ್ರ ಕೊಟ್ಟರೆ ಒಳ್ಳೆಯದು ಎಂದು ಕೇಳಿದಳು. ನಾರಾಯಣಮೂರ್ತಿ ಪತ್ರವನ್ನು ಟೈಪು ಮಾಡಿಸಿದ. ಸಹಿ ಹಾಕಿಸದೆ ಡ್ರಾಯರಿನಲ್ಲಿಟ್ಟ. ದಣಿಗಳು, ಎಂದರೆ ದೇವಿಪ್ರಸಾದರು, ಊರಲ್ಲಿಲ್ಲ ಎಂದ. ಆಮೇಲೆ ಮೊಹರು ಸಿಗುತ್ತಿಲ್ಲ ಎಂದ. ಅಕ್ಟೋಬರಿನಲ್ಲಿ ಅವಳು ಇನ್ನೊಮ್ಮೆ ಕೇಳಿದಳು, ಆಮೇಲೆ ಕೇಳಲಿಲ್ಲ. ಆಸೆ ಬಿಟ್ಟಿದ್ದಾಳೆ ಎಂದು ಅವನಿಗೆ ಅರ್ಥವಾಯಿತು. ಮುಖ ಮಾತ್ರ ಹಾಗೇ ಇತ್ತು, ಎಂದಿನಂತೆ ಮೇಜಿನ ಮೇಲೆ ಬಗ್ಗಿ ಓಲೆ ಒರೆಸುತ್ತಿದ್ದಳು. ಅಂಥವರು ಅಳುವುದನ್ನು ಹೊರಗೆ ತೋರಿಸುವುದಿಲ್ಲ ಎಂದುಕೊಂಡ.

ಕೊನೆಯ ವಾರದ ಕೆಲಸದ ಪಟ್ಟಿಯನ್ನು ಅವನು ಸ್ವತಃ ಬರೆದು ಗೋಡೆಗೆ ಅಂಟಿಸಿದ. ಶುಕ್ರವಾರ, ಮೂವತ್ತೊಂಬತ್ತರಿಂದ ನಲವತ್ತಮೂರರವರೆಗಿನ ಐದು ಕಟ್ಟುಗಳ ಬಟ್ಟೆ ಬದಲಿಸಿ ಹೊಸ ಚೀಟಿ ಕಟ್ಟುವುದು: ಫಾಹಿಮಾ. ಹಗ್ಗ ಬಿಚ್ಚುವಂತಿಲ್ಲ, ಮೇಲಿನ ಬಟ್ಟೆ ಮಾತ್ರ. ಹಗ್ಗ ಬಿಚ್ಚದಿದ್ದರೆ ಹಲಗೆಗಳ ನಡುವೆ ಏನಿದೆಯೆಂದು ಅವಳಿಗೆ ತಿಳಿಯುವುದಿಲ್ಲ. ಆದರೆ ಕಟ್ಟನ್ನು ಬೀರುವಿನಿಂದ ತೆಗೆಯುವಾಗ, ಮತ್ತೆ ಇಡುವಾಗ ರಿಜಿಸ್ಟರಿನಲ್ಲಿ ಸಹಿ ಹಾಕಲೇಬೇಕು. ಕೊನೆಯ ದಿನ, ಕೊನೆಯದಾಗಿ ಅದನ್ನು ಮುಟ್ಟಿದವಳು ಅವಳು. ಅದೇ ಹೊತ್ತಿಗೆ ಅವನು ಬೆಳ್ತಂಗಡಿಯಲ್ಲಿ ಒಂದು ವಿಚಾರ ಸಂಕಿರಣದ ವೇದಿಕೆಯ ಮೇಲೆ ಇನ್ನೂರು ಜನರ ಎದುರು ಇರುತ್ತಾನೆ. ಆ ಆಮಂತ್ರಣವನ್ನು ಅವನು ಎರಡು ತಿಂಗಳ ಹಿಂದೆಯೇ ಒಪ್ಪಿಕೊಂಡಿದ್ದ.

ಗುರುವಾರ ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಹರಿದ ಓಲೆಗಳಿಗೆ ತೇಪೆ ಹಾಕಲು ತರಿಸಿದ್ದ ಖಾಲಿ ಓಲೆಗಳಿದ್ದವು. ಅವನ್ನು ಎಣಿಸಿ, ನಲವತ್ತೊಂದರ ಹಲಗೆಗಳ ನಡುವೆ ಜೋಡಿಸಿ, ಹಗ್ಗ ಬಿಗಿದು, ಹಳೆಯ ಬಟ್ಟೆ ಸುತ್ತಿ ಇಟ್ಟ. ನಿಜವಾದ ಎಂಬತ್ತಾರು ಓಲೆಗಳು ಅವನ ಕೈಚೀಲದಲ್ಲಿ, ಊಟದ ಡಬ್ಬಿಯ ಕೆಳಗೆ ಕುಳಿತವು.

ಸಂಜೆ ಹೊರಡುವಾಗ ಫಾಹಿಮಾ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. “ಸರ್, ನಾಳೆ ನಾನು...” ಎಂದಳು.

ಅವಳು ವಿದಾಯ ಹೇಳಲು ನಿಂತಿದ್ದಾಳೆಂದು ಅವನಿಗೆ ಹೊಳೆಯಿತು. ಎಲ್ಲವನ್ನೂ ಸಹಿಸಲು ಸಿದ್ಧನಾಗಿದ್ದ. ಅದೊಂದನ್ನು ಕೇಳಲು ಆಗಲಿಲ್ಲ.

“ಗೊತ್ತುಂಟು” ಎಂದು ತಡೆದ. “ಏನೂ ಹೇಳ್ಬೇಡ. ನನಗೆಲ್ಲ ಗೊತ್ತುಂಟು.”

“ಹಾಗಾದ್ರೆ ಆಗ್ಬಹುದಾ ಸರ್?”

“ಆಗ್ಬಹುದು. ಹೋಗು ಈಗ.”

ಅವಳು ತಲೆ ಬಾಗಿಸಿ ಮೆಟ್ಟಿಲಿಳಿದಳು. ಅವನು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆ ಸದ್ದು ಮುಗಿಯುವವರೆಗೆ ಕುಳಿತಿದ್ದ.

ಮನೆಯಲ್ಲಿ ಬಚ್ಚಲ ಒಲೆಗೆ ಅವನೇ ಬೆಂಕಿ ಮಾಡಿದ. ಇಂಥ ಕೆಲಸಕ್ಕೆ ಎಂದೂ ಕೈ ಹಾಕದವನು. ಓಲೆಗಳನ್ನು ಒಂದೊಂದಾಗಿ ಹಂಡೆಯ ಕೆಳಗೆ ನೂಕಿದ. ಎಣ್ಣೆ ಕುಡಿದಿದ್ದ ಓಲೆಗಳು ಚಟಪಟನೆ ಉರಿದವು. ಹದಿನೇಳನೆಯದನ್ನು ಕೊನೆಗೆ ಉಳಿಸಿಕೊಂಡಿದ್ದ. ಬೆಂಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದ. ಅಭ್ಯಾಸಬಲದಿಂದ ಮಗುಚಿಯೂ ನೋಡಿದ. ಆಮೇಲೆ ಹಾಕಿದ.

ಹೆಂಡತಿ ಮನೋರಮಾ ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತ ಬಂದು, “ಇವತ್ತು ನೀರಿಗೇ ಏನೋ ಪರಿಮಳ ಉಂಟಲ್ಲ. ಯಾವ ಕಟ್ಟಿಗೆ ಹಾಕಿದ್ರಿ? ದಿನಾ ನೀವೇ ಬೆಂಕಿ ಮಾಡಿ” ಎಂದಳು. ಅವನು ಪೇಪರಿನಿಂದ ತಲೆ ಎತ್ತಲಿಲ್ಲ.

ಶುಕ್ರವಾರ ವೇಣೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಬೆಳ್ತಂಗಡಿ ತಲುಪಿದ. ಮಲ್ಲಬ್ಬೆಯ ಮೇಲೆ ಮುಕ್ಕಾಲು ಗಂಟೆ ಮಾತಾಡಿದ. ಇಷ್ಟು ವರ್ಷಗಳಲ್ಲಿ ಅಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. ಸತ್ತವರ ಬಗ್ಗೆ ಮಾತಾಡುವುದು ಸುಲಭ. ಶಾಲು ಹೊದಿಸಿದರು, ಫೋಟೋ ತೆಗೆದರು. ಫೋಟೋದ ಹಿಂದಿನ ಗೋಡೆಯಲ್ಲಿ ಗಡಿಯಾರ ಕಾಣುವಂತೆ ಅವನು ಸ್ವಲ್ಪ ಬಲಕ್ಕೆ ಸರಿದು ನಿಂತ.

ಶನಿವಾರ, ಭಾನುವಾರ ಮಹಡಿಗೆ ರಜೆ. ಆದರೂ ಶನಿವಾರ ಬೆಳಿಗ್ಗೆ ಕನ್ನಡಕ ಮರೆತೆನೆಂಬ ನೆಪದಲ್ಲಿ ಹೋದ. ಬೀರು ತೆರೆದ. ಐದೂ ಕಟ್ಟುಗಳು ಹಳೆಯ ಬಟ್ಟೆಯಲ್ಲೇ ಇದ್ದವು. ಹೊಸ ಬಟ್ಟೆ ಮಡಚಿದಂತೆಯೇ ಮೇಜಿನ ಮೇಲಿತ್ತು. ರಿಜಿಸ್ಟರಿನಲ್ಲಿ ಶುಕ್ರವಾರದ ಪುಟ ಖಾಲಿ.

ಅವಳು ಬಂದೇ ಇರಲಿಲ್ಲ.

ರಿಜಿಸ್ಟರು ಮುಚ್ಚಿದ. ಆಮೇಲೆ ಕುಳಿತು, ಹರಿದ ಓಲೆಯ ಮುಂದೆ ಕೂರುವಂತೆ ಕುಳಿತು, ತಾಳ್ಮೆಯಿಂದ ಯೋಚಿಸಿದ. ಗುರುವಾರ ಅವಳು ಹೇಳಹೊರಟದ್ದು ಇದನ್ನೇ ಇರಬೇಕು. ಕೊನೆಯ ದಿನ ಕೆಲಸಕ್ಕೆ ಬರುವ ಮನಸ್ಸಾಗಿರಲಿಕ್ಕಿಲ್ಲ. ಕೋಣೆಯಲ್ಲಿ ಬಾಗಿಲು ಹಾಕಿ ಕುಳಿತಿರುತ್ತಾಳೆ, ಇಲ್ಲವೇ ಸಾಮಾನು ಕಟ್ಟಿರುತ್ತಾಳೆ. ಸರಿ. ಬರಲಿಲ್ಲವೆಂದು ಹೇಳುವವರು ಯಾರು?

ಕೆಳಗಿಳಿದು, ಅಂಗಳ ಗುಡಿಸುತ್ತಿದ್ದ ಸುಂದರಿಯನ್ನು ಮಾತಿಗೆಳೆದ. ಮಹಡಿಯ ಬಾಗಿಲು ತೆಗೆಯುವುದು ಅವಳ ಕೆಲಸ. ಶುಕ್ರವಾರ ಒಂಬತ್ತಕ್ಕೆ ಬೀಗ ತೆಗೆದು, ದಣಿಗಳ ಜೊತೆ ಕಾರಿನಲ್ಲಿ ವಾಮದಪದವಿನ ಅವರ ಅಕ್ಕನ ಮನೆಗೆ ಹೋದವಳು ಆರು ಗಂಟೆಗೆ ಬಂದೆ ಎಂದಳು. ಅಲ್ಲಿ ಪೂಜೆಯಿತ್ತು. ಇನ್ನೂರು ಹೋಳಿಗೆ ತಟ್ಟಿ ಭುಜ ಹೋಯಿತು ಎಂದೂ ಸೇರಿಸಿದಳು. ದಣಿಗಳೂ ಇರಲಿಲ್ಲ, ಸುಂದರಿಯೂ ಇರಲಿಲ್ಲ. ಮನೆ ಇಡೀ ದಿನ ತೆರೆದು ಖಾಲಿ ಇತ್ತು. ಬರಲಿಲ್ಲ ಎನ್ನುವುದಕ್ಕೆ ಫಾಹಿಮಾಳ ಮಾತು ಒಂದೇ. ಅವಧಿ ಮುಗಿದ ಕಾರ್ಡಿನ ಹೆಣ್ಣಿನ ಮಾತಿಗೆ ಬೆಲೆ ಕೊಡುವವರು ಯಾರು?

ಮೇಲೆ ಹೋಗಿ ಐದು ಕಟ್ಟುಗಳ ಬಟ್ಟೆಯನ್ನು ಅವನೇ ಬದಲಿಸಿದ. ಹೊಸ ಚೀಟಿ ಕಟ್ಟಿದ. ರಿಜಿಸ್ಟರು ತೆರೆದು ಶುಕ್ರವಾರದ ತಾರೀಖು ಬರೆದ. ನಲವತ್ತೊಂದನೇ ಕಟ್ಟು ಹೊರತೆಗೆದದ್ದು 10.40. ಒಳಗಿಟ್ಟದ್ದು 3.50. ಅವಳ ಪೆನ್ನಿನಿಂದಲೇ ಸಹಿ ಹಾಕಿದ. ‘ಫಾ’. ಅವಳು ಅಕ್ಷರದ ಕೆಳಗಿನ ಸೀಳನ್ನು ಸ್ವಲ್ಪ ಎಡಕ್ಕೆ ಎಳೆಯುತ್ತಾಳೆ. ಎರಡು ವರ್ಷದಿಂದ ತಿದ್ದಿದರೂ ಹೋಗದ ತಪ್ಪು ಅದು. ಆ ತಪ್ಪನ್ನೂ ಸರಿಯಾಗಿ ಮಾಡಿದ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಫಾಹಿಮಾ ಎಂದಿನಂತೆ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಬಿಟ್ಟು, ನಮಸ್ಕಾರ ಹೇಳಿ, ಕೈಗವಸು ಹಾಕಿಕೊಂಡಳು.

ನಾರಾಯಣಮೂರ್ತಿಗೆ ಮೊದಲು ಗಾಬರಿಯಾಯಿತು, ಮರುಕ್ಷಣ ಕನಿಕರ. ಹೋಗಲು ಜಾಗವಿಲ್ಲದೆ ಬಂದಿದ್ದಾಳೆ. ಅನುಮತಿ ಮುಗಿದ ಮೇಲೂ ಕದ್ದು ಕೆಲಸ ಮಾಡಲು ಬಂದವಳು ಇಂಥ ದಿನವೇ ಸಿಕ್ಕಿಬೀಳುತ್ತಾಳೆ. ತನಗೆ ಇದು ಇನ್ನೂ ಒಳ್ಳೆಯದು. ಅವಳೊಡನೆ ಮಾತಾಡದೆ ಪುಸ್ತಕವೊಂದನ್ನು ತೆರೆದು ಕುಳಿತ.

ಹತ್ತಕ್ಕೆ ಫೋಟೋದವರು ಬಂದರು. ದೇವಿಪ್ರಸಾದರೇ ನಲವತ್ತೊಂದನೇ ಕಟ್ಟನ್ನು ಎತ್ತಿ ಮೇಜಿನ ಮೇಲಿಟ್ಟು ಹಗ್ಗ ಬಿಚ್ಚಿದರು. ಖಾಲಿ ಓಲೆಗಳು ಬೀಸಣಿಗೆಯಂತೆ ಹರಡಿಕೊಂಡವು. ಫಾಹಿಮಾ ಒಂದು ಓಲೆಯನ್ನು ಎತ್ತಿ, ಮಗುಚಿ ನೋಡಿ, ಮತ್ತೊಂದನ್ನು ಎತ್ತಿ ಮಗುಚಿ ನೋಡಿ, ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಹನ್ನೊಂದೂವರೆಗೆ ಠಾಣೆಯಿಂದ ಎಸ್‌ಐ ಅಬ್ದುಲ್ ರವೂಫ್ ಬಂದರು. ಬಂಟ್ವಾಳದ ಕಡೆಯವರು, ಅವಸರವಿಲ್ಲದ ಮನುಷ್ಯ. ನಾರಾಯಣಮೂರ್ತಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟ. ತಾನು ಶುಕ್ರವಾರ ಬೆಳ್ತಂಗಡಿಯಲ್ಲಿದ್ದೆ ಎಂದ. ಕಟ್ಟನ್ನು ಕೊನೆಗೆ ತೆಗೆದವರು ಯಾರೆಂದು ಕೇಳಿದಾಗ ರಿಜಿಸ್ಟರನ್ನು ಅವರ ಕಡೆ ತಿರುಗಿಸಿ ಕಣ್ಣು ಕೆಳಗೆ ಹಾಕಿದ.

“ಅವಳು ಅಂಥವಳಲ್ಲ ಸರ್” ಎಂದ. ಸ್ವಲ್ಪ ತಡೆದು, ತೀರ ಒಲ್ಲದ ಮನಸ್ಸಿನಿಂದ ಎಂಬಂತೆ ಫೈಲಿನಿಂದ ಕಾರ್ಡಿನ ನಕಲು ತೆಗೆದು ಕೊಟ್ಟ. “ಆದ್ರೆ ಶುಕ್ರವಾರಕ್ಕೆ ಇವಳ ಕೆಲಸದ ಅವಧಿ ಮುಗಿದಿತ್ತು. ಪಾಪ, ಇನ್ನೇನು ದಾರಿ ಅಂತ ಅನ್ನಿಸಿರ್ಬಹುದು.”

ದೇವಿಪ್ರಸಾದರು ಫಾಹಿಮಾಳ ಕಡೆ ನೋಡಿದ ನೋಟದಲ್ಲಿ, ಎರಡು ವರ್ಷದಲ್ಲಿ ಮೊದಲ ಸಲ, ಅವಳು ಪರದೇಶದವಳಾಗಿದ್ದಳು. ಅವಳು ಎದ್ದು ನಿಂತು ನಾರಾಯಣಮೂರ್ತಿಯನ್ನೇ ನೋಡಿದಳು. “ನಾನು ಶುಕ್ರವಾರ ಬರ್ಲೇ ಇಲ್ಲ. ಗುರುವಾರ ನಿಮ್ಮ ಹತ್ರ ಹೇಳಿದೆ ಅಲ್ವಾ ಸರ್. ಗೊತ್ತುಂಟು, ಆಗ್ಬಹುದು ಅಂದ್ರಿ.”

“ನೀನು ಏನೂ ಹೇಳ್ಲಿಲ್ಲ ಫಾಹಿಮಾ” ಎಂದ ಅವನು ಮೆಲ್ಲಗೆ. ಅದು ನಿಜವೂ ಆಗಿತ್ತು.

ರವೂಫ್ ನಕಲಿನ ಹಾಳೆಯನ್ನು ಓದಿ, ಮಗುಚಿದರು. ಹಿಂದೆ ಬಿಳಿ. ಮತ್ತೆ ಮುಂದೆ ನೋಡಿದರು. “ಇದರ ಇನ್ನೊಂದು ಬದಿ ಎಲ್ಲಿ ಸರ್?” ಎಂದು ಕೇಳಿದರು. ಕೇಳಿದ್ದು ಯಾಕೆಂದು ನಾರಾಯಣಮೂರ್ತಿಗೆ ತಿಳಿಯಲಿಲ್ಲ. ಫೋಟೋ, ತಾರೀಖು ಎಲ್ಲ ಇದೇ ಬದಿಯಲ್ಲಿ ಇತ್ತಲ್ಲ. ಫಾಹಿಮಾ ಚೀಲದಿಂದ ನಿಜವಾದ ಕಾರ್ಡನ್ನೂ ಅದಕ್ಕೆ ಪಿನ್ನು ಚುಚ್ಚಿದ್ದ ಒಂದು ಚೀಟಿಯನ್ನೂ ತೆಗೆದು ಅವರ ಕೈಗಿಟ್ಟಳು. ಅವರು ಓದಿ, ಕಾರ್ಡನ್ನು ರಿಜಿಸ್ಟರಿನ ಶುಕ್ರವಾರದ ಪುಟದ ಮೇಲೆ, 10.40, 3.50 ಎಂಬ ಅಂಕಿಗಳ ಮುಂದಿನ ‘ಫಾ’ ಸಹಿಯ ಪಕ್ಕದಲ್ಲಿ ಇಟ್ಟರು.

ನಲವತ್ತು ವರ್ಷ ಓಲೆ ಹಿಡಿದ ಬೆರಳುಗಳು ತಾವಾಗಿಯೇ ಮುಂದೆ ಹೋದವು. ನಾರಾಯಣಮೂರ್ತಿ ಕಾರ್ಡನ್ನು ಮೊದಲ ಬಾರಿಗೆ ಮಗುಚಿದ. ಹಿಂಬದಿಯಲ್ಲಿ, ಕನ್ನಡಕ ಸರಿ ಮಾಡಿಕೊಂಡರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ ಮೂರು ಸಾಲುಗಳಿದ್ದವು. ಮುಂಬದಿಯ ತಾರೀಖು ಈ ಕಾರ್ಡಿನದು ಮಾತ್ರ. ಆಶ್ರಯ ಇರುವವರೆಗೆ ಕೆಲಸದ ಅನುಮತಿಯೂ ಇರುತ್ತದೆ, ಅದಕ್ಕೆ ಬೇರೆ ಯಾರ ಪತ್ರವೂ ಬೇಕಿಲ್ಲ. ಹೊಸ ಕಾರ್ಡಿಗಾಗಿ ಅವಧಿಯ ಕೊನೆಯ ದಿನ ಪೊಲೀಸ್ ಕಚೇರಿಯಲ್ಲಿ ಖುದ್ದಾಗಿ ಹಾಜರಿರಬೇಕು. ಪಿನ್ನು ಚುಚ್ಚಿದ್ದ ಚೀಟಿಯಲ್ಲಿ ಮಂಗಳೂರಿನ ಮೊಹರಿತ್ತು, ಅವಳ ಫೋಟೋ ಇತ್ತು, ಹೆಬ್ಬೆರಳಿನ ಗುರುತಿತ್ತು. ಒಳಗೆ ಬಂದದ್ದು, ಶುಕ್ರವಾರ 10.15. ಹೊರಗೆ ಹೋದದ್ದು, 4.30.